ಅಭಿಮಾನಿ ಒಬ್ಬನೇ, ಇಂಗ್ಲಿಷಿನಲ್ಲಿ ಹೆಸರು ಹಲವು: ಫ್ಯಾನ್, ಅಡ್ಮೈರರ್, ಸಪೋರ್ಟರ್ ಯಾವುದು ಎಲ್ಲಿಗೆ?

ಪ್ರಶ್ನೆ: ನಾನು ದಾವಣಗೆರೆಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಇಂಗ್ಲೆಂಡಿನ ಪ್ರೊಫೆಸರ್ ಒಬ್ಬರ ಬಳಿ ಪಿಎಚ್.ಡಿ. ಮಾಡುವ ಆಸೆ. ಅವರಿಗೆ ಬರೆದ ಇಮೇಲಿನಲ್ಲಿ ‘ನಾನು ನಿಮ್ಮ ಅಭಿಮಾನಿ’ ಎನ್ನಲು ‘ಐ ಆ್ಯಮ್ ಯುವರ್ ಫ್ಯಾನ್’ ಎಂದು ಬರೆದಿದ್ದೆ. ಗೆಳತಿ ನೋಡಿ, ‘ಫ್ಯಾನ್ ಅಂದ್ರೆ ಫನಾಟಿಕ್, ಮತಾಂಧ ಅಂತ. ತೆಗಿ ಅದನ್ನ’ ಅಂದಳು. ‘ಅಡ್ಮೈರರ್’ ಎಂದು ಹಾಕಿದೆ. ಅಣ್ಣ ‘ಅದು ಪ್ರೇಮಪತ್ರದ ಪದ’ ಅಂದ. ‘ಸಪೋರ್ಟರ್’ ಎಂದು ಬದಲಿಸಿದೆ. ನಮ್ಮ ಕಾಲೇಜಿನ ಮೇಡಂ ‘ಅವರೇನು ಎಲೆಕ್ಷನ್‌ಗೆ ನಿಂತಿದ್ದಾರಾ?’ ಎಂದು ಕೇಳಿದರು. ಅರ್ಜಿಯ ಜೊತೆ ಕೊಡುವ ಸ್ವಪರಿಚಯದಲ್ಲಿ ಆರ್‌ಸಿಬಿ ಬಗ್ಗೆ ಒಂದು ವಾಕ್ಯ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತ ಸಾಲ ಮಾಡಿ ನನ್ನನ್ನು ಓದಿಸಿದ ಅಪ್ಪನ ಬಗ್ಗೆ ಒಂದು ವಾಕ್ಯ ಇದೆ. ಅಲ್ಲೂ ಇದೇ ಗೊಂದಲ. ಇಮೇಲ್ ಹತ್ತು ದಿನದಿಂದ ಡ್ರಾಫ್ಟ್‌ನಲ್ಲೇ ಕೂತಿದೆ. ದಯವಿಟ್ಟು ತಿಳಿಸಿ.

ಉತ್ತರ: ಹತ್ತು ದಿನ ಡ್ರಾಫ್ಟ್‌ನಲ್ಲಿ ಕೂತ ಆ ಇಮೇಲ್ ನೆನೆದು ನನಗೆ ಮರುಕವಾಯಿತು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇಪ್ಪತ್ತೈದು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ, ಅವರ ಅರ್ಜಿ, ಪತ್ರಗಳನ್ನು ತಿದ್ದುತ್ತಿದ್ದೇನೆ. ವ್ಯಾಕರಣದ ತಪ್ಪಿಗೆ ಹೆದರಿದವರು ಹೇಗೋ ಯಾರಿಗಾದರೂ ತೋರಿಸಿ ಪತ್ರ ಕಳಿಸಿಬಿಡುತ್ತಾರೆ. ಯಾವ ಪದ ಎಲ್ಲಿ ಮಾನ ಕಳೆಯುತ್ತದೋ ಎಂದು ಹೆದರಿದವರದ್ದು ಮಾತ್ರ ಹೊರಡುವುದೇ ಇಲ್ಲ.

ನಿಮ್ಮ ಆತಂಕ ನನಗೆ ಅರ್ಥವಾಗಿದ್ದು ಹೀಗೆ: ಮನಸ್ಸಿನಲ್ಲಿರುವುದು ಒಂದೇ ಭಾವ, ಆದರೆ ಅದಕ್ಕೆಂದು ಎತ್ತಿಕೊಂಡ ಪ್ರತಿ ಇಂಗ್ಲಿಷ್ ಪದದ ಹಿಂದೆಯೂ ಬೇಡದ ಅರ್ಥವೊಂದು ಅಡಗಿ ಕೂತಿದೆ. ಗೆಳತಿ, ಅಣ್ಣ, ಮೇಡಂ ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಮೂವರೂ ಪದವನ್ನು ನೋಡಿದರು. ಅದನ್ನು ನೀವು ಯಾರಿಗೆ, ಯಾವುದರ ಬಗ್ಗೆ ಹೇಳುತ್ತಿದ್ದೀರಿ ಎಂದು ನೋಡಲಿಲ್ಲ.

ಗೊಂದಲದ ಬೇರು ನಮ್ಮ ‘ಅಭಿಮಾನಿ’ಯಲ್ಲಿದೆ. ಈ ಪದಕ್ಕೆ ಕನ್ನಡದಲ್ಲಿ ಹರವು ಬಹಳ. ಸಿನಿಮಾ ನಟನಿಗೂ ಅಭಿಮಾನಿ, ಕ್ರಿಕೆಟ್ ತಂಡಕ್ಕೂ ಅಭಿಮಾನಿ, ಕವಿಗೂ ಅಭಿಮಾನಿ, ರಾಜಕಾರಣಿಗೂ ಅಭಿಮಾನಿ. ಕನ್ನಡಾಭಿಮಾನಿ, ದೇಶಾಭಿಮಾನಿ, ಸ್ವಾಭಿಮಾನಿ ಕೂಡ ಅದೇ ಮನೆಯವರು. ಇವರನ್ನೆಲ್ಲ ಇಂಗ್ಲಿಷಿಗೆ ದಾಟಿಸಿ ನೋಡಿ. ದೇಶಾಭಿಮಾನಿ ‘ಪೇಟ್ರಿಯಟ್’ ಆಗುತ್ತಾನೆ. ಸ್ವಾಭಿಮಾನಿಯ ವಿಷಯಕ್ಕೆ ‘ಸೆಲ್ಫ್ ರೆಸ್ಪೆಕ್ಟ್’ ಬೇಕು. ಕನ್ನಡಾಭಿಮಾನಿಯನ್ನು ‘ಕನ್ನಡ ಫ್ಯಾನ್’ ಎಂದರೆ ಅವರಿಗೇ ಬೇಸರವಾದೀತು. ನಮ್ಮ ಪದ ಒಳಗಿನ ಭಾವವನ್ನು ಹೆಸರಿಸುತ್ತದೆ: ಇದು ನನ್ನದು ಎಂಬ ಪ್ರೀತಿ ಮತ್ತು ಹೆಮ್ಮೆ. ಇಂಗ್ಲಿಷಿನ ಪದಗಳು ಹೆಸರಿಸುವುದು ನೀವು ನಿಂತ ಜಾಗವನ್ನು. ಯಾರಿಂದ ಎಷ್ಟು ದೂರ, ಎದುರಿಗೋ, ಹಿಂದೋ, ಕೆಳಗೆ ಹೆಗಲು ಕೊಟ್ಟೋ ಎಂಬುದನ್ನು.

ಊರಿನ ತೇರನ್ನು ಕಣ್ಣ ಮುಂದೆ ತಂದುಕೊಳ್ಳಿ. ತೇರು ಹೊರಟ ಕೂಡಲೇ ಕೂಗುತ್ತ, ಬಾಳೆಹಣ್ಣು, ಉತ್ತತ್ತಿ ಎಸೆಯುವ ಗುಂಪಿದೆಯಲ್ಲ, ಅದು ಫ್ಯಾನ್. ಸ್ವಲ್ಪ ದೂರದ ಜಗಲಿಯ ಮೇಲೆ ನಿಂತು ಕೆತ್ತನೆ, ಅಲಂಕಾರ ನೋಡಿ ಬೆರಗಾಗುವವರು ಅಡ್ಮೈರರ್. ಅವರು ಪಕ್ಕದ ಊರಿನವರಿರಬಹುದು, ಬೇರೆ ದೇವರಿಗೆ ನಡೆದುಕೊಳ್ಳುವವರೂ ಇರಬಹುದು. ಹಗ್ಗ ಹಿಡಿದು ಎಳೆಯುವವರು ಸಪೋರ್ಟರ್. ತೇರಿನ ಹಿಂದೆ ಹೆಜ್ಜೆ ಹಾಕುವವರು ಫಾಲೋವರ್. ಹೊಸ ಹಗ್ಗಕ್ಕೆ ದುಡ್ಡು ಕೊಟ್ಟ ಸಾಹುಕಾರರು ಪೇಟ್ರನ್. ಭಕ್ತಿ ಎಲ್ಲರಲ್ಲೂ ಇರಬಹುದು, ನಿಂತ ಜಾಗ ಮಾತ್ರ ಬೇರೆ. ತರಗತಿಯಲ್ಲಿ ನಿಘಂಟು ತೆರೆದು ಹೇಳಿದ್ದಕ್ಕಿಂತ ಈ ತೇರಿನಿಂದ ಹೇಳಿದ್ದು ಮಕ್ಕಳ ತಲೆಯಲ್ಲಿ ಉಳಿದಿದೆ.

ಈಗ ಗೆಳತಿಯ ಮಾತಿಗೆ ಬರೋಣ. ‘ಫ್ಯಾನ್’ ಎಂಬುದು ‘ಫನಾಟಿಕ್’ನ ಮೊಟಕು ರೂಪ ಎಂದೇ ಹೆಚ್ಚಿನ ನಿಘಂಟುಗಳು ಹೇಳುತ್ತವೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಬೇಸ್‌ಬಾಲ್ ವರದಿಗಳಿಂದ ಅದು ಹರಡಿತು. ಇಂಗ್ಲೆಂಡಿನಲ್ಲಿ ಬಾಕ್ಸಿಂಗ್ ಹುಚ್ಚಿನವರಿಗೆ ‘ದಿ ಫ್ಯಾನ್ಸಿ’ ಎಂಬ ಹೆಸರಿತ್ತು, ಅಲ್ಲಿಂದ ಬಂತು ಎಂದು ವಾದಿಸುವವರೂ ಇದ್ದಾರೆ. ಫನಾಟಿಕ್‌ನ ಹಿಂದೆ ಲ್ಯಾಟಿನ್ನಿನ ‘ಫಾನುಮ್’ ಇದೆ, ಅಂದರೆ ಗುಡಿ. ಗುಡಿಯಲ್ಲಿ ಮೈಮೇಲೆ ದೇವರು ಬಂದವರನ್ನು ‘ಫನಾಟಿಕುಸ್’ ಎನ್ನುತ್ತಿದ್ದರು. ನಮ್ಮೂರ ಜಾತ್ರೆಯಲ್ಲಿ ದೇವರು ಬಂದು ಕುಣಿಯುವವರನ್ನು ನೋಡಿದ ಯಾರಿಗೂ ಈ ಪದದ ಹುಟ್ಟು ಅಚ್ಚರಿ ತರಲಾರದು. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಡಾ. ರಾಜಕುಮಾರ್ ನೆನಪಾಗುತ್ತಾರೆ. ಇಂಗ್ಲಿಷ್ ಪದದ ಬೇರಿನಲ್ಲಿ ಅಭಿಮಾನಿ ಎಂದರೆ ದೇವರ ಮುಂದೆ ಮೈಮರೆತವನು. ರಾಜಕುಮಾರ್ ಅವರು ‘ಅಭಿಮಾನಿ ದೇವರುಗಳೇ’ ಎಂದು ಕರೆದು, ಮೈಮರೆತವನನ್ನೇ ಪೀಠದ ಮೇಲೆ ಕೂರಿಸಿದರು. ಆ ಎರಡು ಪದವನ್ನು ನಾನು ಎಷ್ಟೋ ಸಲ ಅನುವಾದಿಸಲು ಕೂತು ಸೋತಿದ್ದೇನೆ.

ಆದರೆ ಪದದ ಬೇರು ಪದದ ಇಂದಿನ ಅರ್ಥವಲ್ಲ. ಸಂಸ್ಕೃತದಲ್ಲಿ ‘ಅಭಿಮಾನ’ಕ್ಕೆ ಗರ್ವ, ಅಹಂಕಾರ ಎಂಬ ಅರ್ಥವಿದೆ. ಹಾಗೆಂದು ‘ನಿಮ್ಮ ಅಭಿಮಾನಕ್ಕೆ ಋಣಿ’ ಎಂದರೆ ಯಾರೂ ಸಿಟ್ಟಾಗುವುದಿಲ್ಲ. ಇಂಗ್ಲಿಷ್ ಆಡುವವರ ಕಿವಿಗೂ ‘ಫ್ಯಾನ್’ ಎಂಬಲ್ಲಿ ಮತಾಂಧ ಕೇಳಿಸುವುದಿಲ್ಲ. (ಬೀಸುವ ಫ್ಯಾನಿಗೂ ಇದಕ್ಕೂ ನಂಟಿಲ್ಲ. ಅದು ಬಂದದ್ದು ‘ವನ್ನುಸ್’ ಎಂಬ ಲ್ಯಾಟಿನ್ ಪದದಿಂದ, ಕಾಳು ತೂರುವ ಮೊರ ಅದು.) ಅದರ ತೊಡಕು ಬೇರೆ: ಅದು ಹಗುರ. ಫ್ಯಾನ್ ನಿಲ್ಲುವುದು ವೇದಿಕೆಯ ಕೆಳಗಿನ ಗುಂಪಿನಲ್ಲಿ. ದೋಸೆಗೂ ಫ್ಯಾನ್ ಆಗಬಹುದು, ಬೆಳಗಿನ ವಾಕಿಂಗ್‌ಗೂ ಫ್ಯಾನ್ ಆಗಬಹುದು. ‘ಐ ಆ್ಯಮ್ ನಾಟ್ ಎ ಬಿಗ್ ಫ್ಯಾನ್ ಆಫ್’ ಎಂದು ಬ್ರಿಟಿಷರು ಅಂದರೆ ನನಗದು ಹಿಡಿಸದು ಎಂದು ಮೆತ್ತಗೆ ಹೇಳಿದ ಹಾಗೆ. ಸಮ್ಮೇಳನದಲ್ಲಿ ಚಹಾ ಕುಡಿಯುತ್ತ ವಿಜ್ಞಾನಿಯೊಬ್ಬರು ಇನ್ನೊಬ್ಬರಿಗೆ ‘ನಿಮ್ಮ ಕೆಲಸದ ದೊಡ್ಡ ಫ್ಯಾನ್ ನಾನು’ ಎನ್ನುವುದುಂಟು, ಅದು ಸಮಾನರ ಸಲಿಗೆ. ಮೊದಲ ಪತ್ರ ಬರೆಯುತ್ತಿರುವ ವಿದ್ಯಾರ್ಥಿನಿ ಅದನ್ನೇ ಅಂದರೆ ಪ್ರಯೋಗಾಲಯದ ಬಾಗಿಲಲ್ಲಿ ಆಟೋಗ್ರಾಫ್ ಕೇಳಿದಂತೆ ಕಾಣುತ್ತದೆ.

ಫ್ಯಾನ್ ಬಿಡುವ ಮುಂಚೆ ಎರಡು ತಿದ್ದುಪಡಿ. ಅರ್ಜಿಗಳಲ್ಲಿ ನಾನು ಅತಿ ಹೆಚ್ಚು ಕೆಂಪು ಗೆರೆ ಎಳೆದಿರುವುದು ‘ಡೈ ಹಾರ್ಟ್ ಫ್ಯಾನ್’ ಎಂಬುದಕ್ಕೆ. ಹೃದಯ ಇದ್ದೇ ಇರಬೇಕು ಎಂದುಕೊಂಡು ನಮ್ಮವರು ‘ಹಾರ್ಟ್’ ಹಾಕುತ್ತಾರೆ. ಸರಿಯಾದದ್ದು ‘ಡೈ ಹಾರ್ಡ್’, ಸುಲಭಕ್ಕೆ ಸಾಯದವನು. 1811ರಲ್ಲಿ ಸ್ಪೇನಿನ ಅಲ್ಬುಯೆರಾ ಯುದ್ಧದಲ್ಲಿ ಗಾಯಗೊಂಡು ಬಿದ್ದಿದ್ದ ಕರ್ನಲ್ ಇಂಗ್ಲಿಸ್ ತನ್ನ 57ನೇ ರೆಜಿಮೆಂಟಿನ ಸೈನಿಕರಿಗೆ ‘ಡೈ ಹಾರ್ಡ್’ ಎಂದು ಕೂಗಿ ಹೇಳಿದನೆಂದು ಪ್ರತೀತಿ. ಆ ರೆಜಿಮೆಂಟಿಗೆ ಅದೇ ಅಡ್ಡಹೆಸರಾಯಿತು. ಇನ್ನೊಂದು ‘ಫ್ಯಾನ್ ಫಾಲೋಯಿಂಗ್’. ಭಾರತದ ಇಂಗ್ಲಿಷಿನಲ್ಲಿ ಇದು ನೆಲೆಯೂರಿದೆ, ಇಲ್ಲಿ ಬಳಸಿದರೆ ತಪ್ಪೆಂದು ನಾನು ಹೇಳುವುದಿಲ್ಲ. ಲಂಡನ್ನಿಗೆ ಬರೆಯುವಾಗ ‘ಫಾಲೋಯಿಂಗ್’ ಒಂದೇ ಸಾಕು, ಇಲ್ಲವೇ ‘ಫ್ಯಾನ್ ಬೇಸ್’ ಎನ್ನಿ.

ಅಣ್ಣ ಅಂದದ್ದು ಅಡ್ಮೈರರ್ ಬಗ್ಗೆ. ಈ ಪದದ ಒಳಗೆ ಲ್ಯಾಟಿನ್ನಿನ ‘ಮಿರಾರಿ’ ಇದೆ, ಬೆರಗಾಗು ಎಂದರ್ಥ. ಕನ್ನಡಿಯ ‘ಮಿರರ್’, ಪವಾಡದ ‘ಮಿರಾಕಲ್’ ಎರಡೂ ಅದರದೇ ಬಳಗ. ‘ಸೀಕ್ರೆಟ್ ಅಡ್ಮೈರರ್’ ಎಂದರೆ ಗುಟ್ಟಾಗಿ ಮನಸೋತವನು ಎಂಬುದು ನಿಜ. ‘ಐ ಆ್ಯಮ್ ಯುವರ್ ಅಡ್ಮೈರರ್’ ಎಂದು ಬೊಟ್ಟು ಮಾಡಿ ವ್ಯಕ್ತಿಗೇ ಹೇಳಿದರೂ ಆ ವಾಸನೆ ಸ್ವಲ್ಪ ತಗಲುತ್ತದೆ. ‘ಆ್ಯನ್ ಅಡ್ಮೈರರ್ ಆಫ್ ಯುವರ್ ವರ್ಕ್’ ಎಂದ ಕೂಡಲೇ ಅದು ಹೋಗಿಬಿಡುತ್ತದೆ, ಏಕೆಂದರೆ ಬೆರಗು ವ್ಯಕ್ತಿಯಿಂದ ಸರಿದು ಅವರ ಕೆಲಸದ ಮೇಲೆ ಕೂತಿತು. ‘ವರ್ಕ್’ ಎಂಬ ಒಂದು ಪದದ ಅಂತರ ಅಷ್ಟೇ.

ಅಡ್ಮೈರರ್ ಆಗಲು ಆ ಕಡೆಯವರಾಗಿರಬೇಕಿಲ್ಲ ಎಂಬುದು ಈ ಪದದ ಘನತೆ. ಮದರಾಸಿನ ಚೆಪಾಕ್ ಮೈದಾನದ 1999ರ ಜನವರಿಯ ಟೆಸ್ಟ್ ನೆನಪಿಸಿಕೊಳ್ಳಿ. ನೀವು ಹುಟ್ಟುವ ಮುಂಚಿನ ಮಾತಿರಬೇಕು, ಮನೆಯಲ್ಲಿ ದೊಡ್ಡವರನ್ನು ಕೇಳಿ. ಸಚಿನ್ ತೆಂಡೂಲ್ಕರ್ ಬೆನ್ನುನೋವಿನಲ್ಲಿ 136 ಹೊಡೆದು ಔಟಾದರು, ಭಾರತ 12 ರನ್ನಿನಿಂದ ಪಾಕಿಸ್ತಾನಕ್ಕೆ ಸೋತಿತು. ಮೈದಾನ ಕ್ಷಣಕಾಲ ಸ್ತಬ್ಧವಾಯಿತು. ಆಮೇಲೆ ಆ ಜನ ಎದ್ದು ನಿಂತು, ಮೈದಾನ ಸುತ್ತುತ್ತಿದ್ದ ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಅವರೆಲ್ಲ ಭಾರತದ ಸಪೋರ್ಟರ್‌ಗಳೇ. ಆ ಹೊತ್ತಿಗೆ ಎದುರಾಳಿಯ ಅಡ್ಮೈರರ್‌ಗಳಾಗಿದ್ದರು. ‘ಸಪೋರ್ಟರ್ಸ್ ಆಫ್ ಪಾಕಿಸ್ತಾನ್’ ಎಂದು ಅವರ ಬಗ್ಗೆ ಬರೆದರೆ ಸುಳ್ಳಾಗುತ್ತದೆ, ‘ಅಡ್ಮೈರರ್ಸ್’ ಎಂದರೆ ಸತ್ಯ. 1931ರಲ್ಲಿ ಗಾಂಧೀಜಿ ಲ್ಯಾಂಕಾಶೈರಿನ ಡಾರ್ವೆನ್‌ಗೆ ಹೋದಾಗಲೂ ಹೀಗೇ. ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಕೆಲಸಕ್ಕೆ ಪೆಟ್ಟು ಬಿದ್ದಿದ್ದ ಗಿರಣಿ ಕೆಲಸಗಾರ್ತಿಯರೇ ಅವರನ್ನು ಸುತ್ತುವರಿದು ಜೈಕಾರ ಹಾಕಿದ ಚಿತ್ರ ಇಂದಿಗೂ ಉಳಿದಿದೆ. ಆ ಹೆಂಗಸರ ಮುಖದಲ್ಲಿರುವುದನ್ನು ಅಡ್ಮಿರೇಶನ್ ಎನ್ನದೆ ಬೇರೆ ಪದ ನನಗೆ ತೋಚುವುದಿಲ್ಲ.

ಸಪೋರ್ಟರ್ ಮಾತು ಇಷ್ಟು ಬೇಗ ಮುಗಿಯುವಂಥದ್ದಲ್ಲ. ಲ್ಯಾಟಿನ್ನಿನಲ್ಲಿ ಅದು ಕೆಳಗಿನಿಂದ ಹೊರುವುದು. ನಮ್ಮ ‘ಬೆಂಬಲ’ ಬೆನ್ನಿನ ಬಲ. ಅವರು ಅಡಿಯಲ್ಲಿ ಹೆಗಲು ಕೊಟ್ಟರು, ನಾವು ಬೆನ್ನ ಹಿಂದೆ ನಿಂತೆವು, ಕೆಲಸ ಒಂದೇ. ಹಾಗಾಗಿ ನಾನು ಮಕ್ಕಳಿಗೆ ಹೇಳುವ ಪರೀಕ್ಷೆ ಇದು: ನೀವು ಕೈಬಿಟ್ಟರೆ ಅವರಿಗೆ ಏನಾದರೂ ಕಡಿಮೆಯಾಗುತ್ತದೆಯೇ? ಆಗುತ್ತದೆ ಎಂದಾದರೆ ನೀವು ಸಪೋರ್ಟರ್.

ಇದನ್ನು ಕಣ್ಣಾರೆ ತೋರಿಸಿದವರು ಲಂಡನ್ನಿನ ವಿಂಬಲ್ಡನ್ನಿನ ಫುಟ್‌ಬಾಲ್ ಜನ. 2002ರಲ್ಲಿ ಅಲ್ಲಿನ ಹಳೆಯ ಕ್ಲಬ್ಬನ್ನು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಸಾಗಿಸಲು ಒಪ್ಪಿಗೆ ಸಿಕ್ಕಿತು. ಊರಿನವರು ಸುಮ್ಮನೆ ಅತ್ತು ಕೂರಲಿಲ್ಲ. ಕೆಲವೇ ವಾರದಲ್ಲಿ ತಾವೇ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿದರು, ಊರ ಬಯಲಲ್ಲಿ ಆಟಗಾರರನ್ನು ಆರಿಸಿದರು. ಇಂಗ್ಲಿಷ್ ಫುಟ್‌ಬಾಲಿನ ಒಂಬತ್ತನೇ ಮೆಟ್ಟಿಲಿನಿಂದ ಆಟ ಶುರುವಾಯಿತು. 2011ಕ್ಕೆ ವೃತ್ತಿಪರ ಲೀಗ್ ಮುಟ್ಟಿದರು, 2020ರಲ್ಲಿ ತಮ್ಮ ಹಳೆಯ ಬೀದಿ ಪ್ಲೋ ಲೇನ್‌ಗೇ ಮರಳಿದರು. ಬ್ರಿಟನ್ನಿನಲ್ಲಿ ‘ಫುಟ್‌ಬಾಲ್ ಸಪೋರ್ಟರ್’ ಎಂದಾಗ ಜನ ಎದೆ ಸೆಟೆಸುವುದು ಇಂಥ ಕಥೆಗಳಿಂದಲೇ.

ಹಾಗಾಗಿ ಮೇಡಂ ಕೇಳಿದ್ದು ಪ್ರೊಫೆಸರರ ವಿಷಯದಲ್ಲಿ ಸರಿ. ಅವರು ಎಲೆಕ್ಷನ್‌ಗೆ ನಿಂತಿಲ್ಲ, ಹಗ್ಗ ಹಿಡಿಯುವಂಥ ತೇರೂ ಅಲ್ಲಿಲ್ಲ. ಆದರೆ ಸಪೋರ್ಟರ್ ಎಂದರೆ ಎಲೆಕ್ಷನ್ ಮಾತ್ರ ಎಂದುಕೊಳ್ಳಬೇಡಿ. ಆರ್‌ಸಿಬಿ ವಾಕ್ಯಕ್ಕೆ ಅದೇ ಹೊಂದುತ್ತದೆ. 2008ರಿಂದ ಕಾಯುತ್ತ, ಬರಬರುತ್ತ ‘ಈ ಸಲ ಕಪ್ ನಮ್ದೇ’ ಎನ್ನುತ್ತ, 2025ರ 18ನೇ ಐಪಿಎಲ್‌ನಲ್ಲಿ ಕಪ್ ಕೈಗೆ ಬರುವವರೆಗೆ ಬಿಡದೆ ಜೊತೆಗಿದ್ದವರಿಗೆ ಫ್ಯಾನ್ ಎಂಬುದು ಸಾಲದು. ಇಂಗ್ಲೆಂಡಿನವರ ರೂಢಿಯ ಪದವೂ ಸಪೋರ್ಟರ್ ಎಂಬುದೇ. ಅಮೆರಿಕಕ್ಕೆ ಬರೆಯುವುದಿದ್ದರೆ ಫ್ಯಾನ್ ಎನ್ನಿ, ಅಲ್ಲಿ ‘ರೂಟ್ ಫಾರ್’ ಎಂಬ ಕ್ರಿಯಾಪದವೂ ನಡೆಯುತ್ತದೆ. ಅದೇ ‘ರೂಟ್’ ಆಸ್ಟ್ರೇಲಿಯಾದಲ್ಲಿ ಅಶ್ಲೀಲ ಪದ. ಮೆಲ್ಬರ್ನ್‌ನಲ್ಲಿರುವ ನಮ್ಮ ಹುಡುಗರಿಗೆ ಇದನ್ನು ಮೊದಲೇ ಹೇಳಿ ಕಳಿಸಬೇಕು. ಅಲ್ಲಿ ತಂಡಕ್ಕೆ ‘ಬ್ಯಾರಕ್ ಫಾರ್’ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ‘ಬ್ಯಾರಕ್’ ಎಂದರೆ ಕೂಗಿ ಗೇಲಿ ಮಾಡುವುದು.

ವಾಕ್ಯ ಬರೆಯುವಾಗ ಒಂದು ‘ಟು’ ನುಸುಳದಂತೆ ನೋಡಿಕೊಳ್ಳಿ. ನಾವು ‘ಆರ್‌ಸಿಬಿಗೆ ಸಪೋರ್ಟ್ ಮಾಡ್ತೀನಿ’ ಎನ್ನುತ್ತೇವೆ. ಆ ‘ಗೆ’ ನೇರವಾಗಿ ಇಳಿದು ‘ಐ ಸಪೋರ್ಟ್ ಟು ಆರ್‌ಸಿಬಿ’ ಆಗುತ್ತದೆ. ಇಂಗ್ಲಿಷಿನಲ್ಲಿ ‘ಐ ಸಪೋರ್ಟ್ ಆರ್‌ಸಿಬಿ’, ನಡುವೆ ಏನೂ ಇಲ್ಲ. ಹಾಗೆಯೇ ‘ಐ ಆ್ಯಮ್ ಅಡ್ಮೈರಿಂಗ್’ ಬೇಡ, ‘ಐ ಅಡ್ಮೈರ್’ ಸಾಕು. ಆರ್‌ಸಿಬಿ ಎಂದರೆ ಬೆಂಗಳೂರಿನ ಐಪಿಎಲ್ ತಂಡ ಎಂದು ಎರಡು ಪದದಲ್ಲಿ ಹೇಳಿ, ಓದುವವರು ಕ್ರಿಕೆಟ್ ನೋಡುವವರೇ ಆಗಿರಬೇಕಿಲ್ಲ.

ಉಳಿದ ಪದಗಳು ನಿಮಗೆ ಈಗ ಅಷ್ಟಾಗಿ ಬೇಡ, ಎಡವುವ ಜಾಗ ಮಾತ್ರ ತೋರಿಸುತ್ತೇನೆ. ‘ಎಂಥೂಸಿಯಾಸ್ಟ್’ ಹವ್ಯಾಸಕ್ಕೆ, ವಿಷಯಕ್ಕೆ ಸಲ್ಲುತ್ತದೆ. ಪಕ್ಷಿವೀಕ್ಷಣೆಗೆ ಎಂಥೂಸಿಯಾಸ್ಟ್ ಆಗಬಹುದು, ವ್ಯಕ್ತಿಗೆ ಆಗಲು ಬಾರದು. ‘ಬಫ್’ ವಿಷಯವನ್ನು ಅರೆದು ಕುಡಿದವರು, ಚರಿತ್ರೆಗೋ ಸಿನಿಮಾಕ್ಕೋ. ನ್ಯೂಯಾರ್ಕಿನ ಸ್ವಯಂಸೇವಕ ಅಗ್ನಿಶಾಮಕರು ತೊಡುತ್ತಿದ್ದ ಮಾಸಲು ಹಳದಿ ಕೋಟಿನಿಂದ ಬಂದ ಹೆಸರದು. ಬೆಂಕಿ ಬಿದ್ದಲ್ಲಿ ನೋಡಲು ಓಡುವವರಿಗೆ ಮೊದಲು ಅಂಟಿತು. ‘ಸ್ಟ್ಯಾನ್’ ಎಂಬುದು ಜಾಲತಾಣದ ಹುಡುಗರ ಪದ, 2000ದಲ್ಲಿ ಬಂದ ಎಮಿನೆಮ್ ಅವರ ಹಾಡೊಂದರ ಹುಚ್ಚು ಅಭಿಮಾನಿಯ ಹೆಸರು. ಅರ್ಜಿಯ ಹತ್ತಿರ ಅದನ್ನು ಸುಳಿಯಗೊಡಬೇಡಿ. ‘ಅಡ್ವೊಕೇಟ್’ ಎಂದರೆ ಒಂದು ವಿಚಾರದ ಪರ ಬಾಯಿಬಿಟ್ಟು ವಾದಿಸುವವರು. ನಮ್ಮಲ್ಲಿ ಅದನ್ನು ಕೇಳಿದ ಕೂಡಲೇ ಕರಿಕೋಟು ಕಣ್ಣಿಗೆ ಬರುತ್ತದೆ, ಹಾಗಾಗಿ ಯಾವುದರ ಅಡ್ವೊಕೇಟ್ ಎಂದು ಬಿಡಿಸಿ ಹೇಳಬೇಕು. ‘ವೆಲ್‌ವಿಷರ್’ ಲಗ್ನಪತ್ರಿಕೆಯ ಕೊನೆಯಲ್ಲಿ ಚೆಂದ, ಪ್ರೊಫೆಸರರಿಗೆ ಬೇಡ.

ಇನ್ನು ನಿಮ್ಮ ಇಮೇಲ್. ದಾರಿ ಮೂರಿವೆ, ಮೂರಕ್ಕೂ ಅದರದರ ಅಪಾಯವಿದೆ. ‘ಐ ಆ್ಯಮ್ ಆ್ಯನ್ ಅಡ್ಮೈರರ್ ಆಫ್ ಯುವರ್ ವರ್ಕ್’ ಎಂದು ಬರೆಯಬಹುದು. ಸಭ್ಯ, ತಪ್ಪಿಲ್ಲ. ಆದರೆ ಇಂಥ ವಾಕ್ಯ ಅವರ ಅಂಚೆಪೆಟ್ಟಿಗೆಯಲ್ಲಿ ರಾಶಿ ಬಿದ್ದಿರುತ್ತದೆ, ಹೊಗಳಿಕೆ ಎಂದು ಕಣ್ಣು ಮುಂದೆ ಜಾರುತ್ತದೆ. ಎರಡನೆಯದು ‘ಐ ಹ್ಯಾವ್ ಫಾಲೋಡ್ ಯುವರ್ ವರ್ಕ್’ ಎಂದು ಆರಂಭಿಸಿ ಯಾವ ವಿಷಯದ ಕೆಲಸ, ಯಾವಾಗಿನಿಂದ ಎಂದು ಸೇರಿಸುವುದು. ಇದು ಚೆನ್ನಾಗಿದೆ, ಆದರೆ ನಿಜವಾಗಿ ಓದಿರಬೇಕು, ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಇಲ್ಲಿಯೂ ‘ವರ್ಕ್’ ಬಿಟ್ಟುಹೋಗದಿರಲಿ. ವಿದ್ಯಾರ್ಥಿಯೊಬ್ಬ ‘ಐ ಹ್ಯಾವ್ ಬೀನ್ ಫಾಲೋಯಿಂಗ್ ಯು ಫಾರ್ ತ್ರೀ ಇಯರ್ಸ್’ ಎಂದು ಬರೆದ ಪತ್ರ ತಿದ್ದಲು ನನ್ನ ಕೈಗೆ ಬಂದಿತ್ತು. ಮೂರು ವರ್ಷದಿಂದ ನಿಮ್ಮ ಬೆನ್ನು ಹತ್ತಿದ್ದೇನೆ ಎಂದಂತಾಗಿತ್ತು. ಆ ಹುಡುಗ ಪಾಪದವನು, ಅವನಿಗೆ ಹಾಗಂತ ಗೊತ್ತೇ ಇರಲಿಲ್ಲ.

ಮೂರನೆಯ ದಾರಿ ನನಗೆ ಇಷ್ಟವಾದದ್ದು: ನಾಮಪದವನ್ನೇ ಬಿಡಿ. ನೀವು ಅಭಿಮಾನಿ ಎಂದು ಹೇಳಿಕೊಳ್ಳುವ ಬದಲು ಅವರ ಯಾವ ಪ್ರಬಂಧ ಓದಿದಿರಿ, ಅದರಿಂದ ನಿಮ್ಮ ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಏನು ಬದಲಾಯಿತು, ಯಾವ ಪ್ರಶ್ನೆ ಉಳಿಯಿತು ಎಂದು ಎರಡು ವಾಕ್ಯದಲ್ಲಿ ಬರೆಯಿರಿ. ಅಪಾಯ ಒಂದೇ, ಪ್ರಬಂಧವನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಅದೂ ಎದ್ದು ಕಾಣುತ್ತದೆ. ಹಾಗಾಗಿ ಕಳಿಸುವ ಮುಂಚೆ ನಿಮ್ಮ ಗೈಡ್ ಒಬ್ಬರಿಗೆ ತೋರಿಸಿ. ಅಭಿಮಾನ ಎಂಬ ಪದವಿಲ್ಲದೆಯೂ ಅಭಿಮಾನ ಅವರಿಗೆ ಕಾಣುತ್ತದೆ.

ಕೊನೆಗೆ ಅಪ್ಪ. ‘ಮೈ ಫಾದರ್ ಈಸ್ ಮೈ ಸಪೋರ್ಟರ್’ ಎಂದು ಬೋಳಾಗಿ ಬರೆದರೆ ಅರ್ಧ ಹೇಳಿ ನಿಲ್ಲಿಸಿದಂತೆ ಕೇಳುತ್ತದೆ. ‘ಮೈ ಬಿಗ್ಗೆಸ್ಟ್ ಸಪೋರ್ಟರ್’ ಎಂದರೆ ಸಹಜ ಇಂಗ್ಲಿಷ್. ‘ಮೈ ಬಿಗ್ಗೆಸ್ಟ್ ಫ್ಯಾನ್’ ಎಂದೂ ಮನೆಯವರ ಬಗ್ಗೆ ಪ್ರೀತಿಯಿಂದ ಹೇಳುತ್ತಾರೆ, ಆದರೆ ಸಾಲ ತೀರಿಸುತ್ತಿರುವ ಮನುಷ್ಯನಿಗೆ ನಾನು ಆ ಪದ ಹಾಕುವುದಿಲ್ಲ. ನಾವು ‘ಬೆನ್ನಿಗೆ ನಿಂತರು’ ಎನ್ನುವ ಜಾಗದಲ್ಲಿ ಇಂಗ್ಲಿಷ್ ‘ಸ್ಟುಡ್ ಬೈ ಮಿ’ ಎನ್ನುತ್ತದೆ, ಪಕ್ಕದಲ್ಲಿ ನಿಂತರು ಎಂದು. ಅದನ್ನು ಬಳಸಿ. ಅದರ ಮುಂದೆಯೇ ನನಗೆ ಬರೆದ ಹಾಗೆ, ಮಂಡಿಯಲ್ಲಿ ಲೆಕ್ಕ ಬರೆಯುವ ಅವರು ನಿಮ್ಮ ಓದಿಗೆ ಸಾಲ ತೆಗೆದರು ಎಂಬುದನ್ನೂ ಬರೆಯಿರಿ. ನಾಚಿಕೊಂಡು ಅದನ್ನು ಬಿಡಬೇಡಿ.